ಹಿಂದಿನ ಕಿಂಡಿಯ ನೊರೆ

ನಕ್ಷೆ ಸಾಹೇಬರು ಬಂದ ದಿನವೇ ನೊರೆಯಕ್ಕನಿಗೆ ಅವರ ಮೇಲೆ ಕೋಪ ಬಂದಿತ್ತು. ಬರಬಾರದೇ ಮತ್ತೆ? ಬಂದವರೇ ಬಿಯರ್ ಕಾರ್ಖಾನೆಯ ಊಟದ ಕೋಣೆಗೆ ಒಂದು ಭೂಪಟ ತೂಗುಹಾಕಿಸಿ, ಕೋಲಿನಿಂದ ಕುಟ್ಟುತ್ತ, "ಇಲ್ಲೂ ನಾವೇ, ಇಲ್ಲೂ ನಾವೇ" ಎಂದು ಖಂಡದಿಂದ ಖಂಡಕ್ಕೆ ಹಾರಿದರು. ಕೆಂಪು ಗುಂಡುಸೂಜಿ ಚುಚ್ಚಿದ ಕಡೆಯೆಲ್ಲ ಅವರ ಕಂಪನಿಯ ಕಾರ್ಖಾನೆ. ಒಂದನ್ನು ಕೊಂಡಿದ್ದು, ಅದನ್ನು ಕೊಂಡಿದ್ದವರನ್ನೂ ಕೊಂಡಿದ್ದು. ಈಗ ಇದನ್ನೂ ಕೊಂಡಾಗಿತ್ತು. ಅಂದೇ ಅವರಿಗೆ ಆ ಅಡ್ಡಹೆಸರು ಬಿತ್ತು. ನಿಜವಾದ ಹೆಸರು ಯಾರಿಗೂ ಬೇಕಾಗಲಿಲ್ಲ.

ನೊರೆಯಕ್ಕ ನೆಲಮಾಳಿಗೆಯ ತೊಟ್ಟಿಗಳ ಮೇಲ್ವಿಚಾರಕಿ. ಮೊಳಕೆ ಬಾರ್ಲಿಯ ಸಿಹಿ ರಸ ತೊಟ್ಟಿಯಲ್ಲಿ ಹುದುಗತೊಡಗಿದಾಗ ಯೀಸ್ಟು ದಪ್ಪ ಕೆನೆಯ ಹಾಗೆ ಮೇಲಕ್ಕೆ ಉಕ್ಕುತ್ತದಲ್ಲ, ಆ ನೊರೆಯನ್ನು ಸೌಟಿನಲ್ಲಿ ಎತ್ತಿ ಮುಂದಿನ ತೊಟ್ಟಿಗೆ ಹಾಕುವುದು ಅವಳ ಕೆಲಸ. ಆ ತೊಟ್ಟಿಯದು ಅದರ ಮುಂದಿನದಕ್ಕೆ. ಅವಳ ಅಜ್ಜಿಯ ಅಜ್ಜಿಯೂ ಅದೇ ನೊರೆಯನ್ನೇ ಎತ್ತಿದವಳು. ಹೀಗೆ ಒಂದು ದಿನವೂ ಮಲಗದೆ ನಡೆದುಬಂದದ್ದು ಅದು. "ಬಿಯರ್ ಮಾಡೋದು ನಾವಲ್ಲ, ಇದು. ನಾವು ಬರೀ ಪಾತ್ರೆ ತೊಳೆಯೋರು" ಎಂದು ಅವಳು ಹೊಸಬರಿಗೆ ಹೇಳುತ್ತಿದ್ದಳು.

ಎಷ್ಟು ತೆಗೆದರೂ ನೊರೆ ಮಿಗುತ್ತಿತ್ತು. ಮಿಕ್ಕಿದ್ದು ಹಿಂದಿನ ಓಣಿಯ ಕಿಂಡಿಗೆ. ಸುತ್ತಲಿನ ಬೇಕರಿಯವರು ಬಕೆಟ್ ಹಿಡಿದು ಸಾಲುಗಟ್ಟಿ, ನೊರೆ ಒಯ್ದು, ಅದರಲ್ಲೇ ಹಿಟ್ಟು ಕಲಸಿ ಬ್ರೆಡ್ ಮಾಡುತ್ತಿದ್ದರು. ಪುಕ್ಕಟೆ. ಆದರೆ ಒಂದು ಕಟ್ಟಳೆಯಿತ್ತು. ಬಕೆಟ್ ಚಾಚುವಾಗ "ಕೇಳಿದವರಿಗೆ ಕೊಡ್ತೀನಿ" ಎಂದು ಸಾಲಿಗೆಲ್ಲ ಕೇಳುವಂತೆ ಹೇಳಬೇಕು. ಒಬ್ಬರ ಮನೆಯ ನೊರೆ ಕೆಟ್ಟರೆ ಇನ್ನೊಬ್ಬರು ಕೊಡಲೇಬೇಕು. ಆ ಮಾತು ಹೇಳದವರ ಬಕೆಟ್ಟಿಗೆ ಸೌಟು ಬಾಗುತ್ತಿರಲಿಲ್ಲ.

ನೊರೆಯಕ್ಕನ ಗಂಡನೂ ಹಾಗೆ ಬಕೆಟ್ ಹಿಡಿದು ನಿಂತವನೇ. ವಾರಕ್ಕೊಮ್ಮೆ ಬರಬೇಕಾದವನು ದಿನಾ ಬರತೊಡಗಿದಾಗ ಅವನ ತಾಯಿಯೇ ಕಿಂಡಿಗೆ ಬಂದು, "ಹಿಟ್ಟಿಗಿಂತ ನನ್ನ ಮಗನೇ ಜಾಸ್ತಿ ಉಬ್ಬಿದ್ದಾನೆ, ಏನಾದ್ರೂ ಮಾಡಮ್ಮ" ಎಂದು ಸಂಬಂಧ ಕೇಳಿದ್ದಳು. ಆ ಅತ್ತೆ ಈಗಲೂ ಬೇಕರಿಯ ಗಲ್ಲಾದಲ್ಲಿ ಕೂತು ಓಣಿಗೆಲ್ಲ ಬುದ್ಧಿ ಹೇಳುತ್ತಿದ್ದಳು.

ಭೂಪಟ ತೂಗುಹಾಕಿದ ತಿಂಗಳಿಗೆ ನಕ್ಷೆ ಸಾಹೇಬರು ನೆಲಮಾಳಿಗೆಗೆ ಇಳಿದರು. ಒದ್ದೆ ನೆಲದಲ್ಲಿ ಬೂಟು ಜಾರದಂತೆ ಗೋಡೆ ಹಿಡಿದುಕೊಂಡೇ ಮಾತಾಡಿದರು.

"ಯೀಸ್ಟ್ ಸ್ಯಾಂಪಲ್ ಮುಖ್ಯ ಕಚೇರಿಗೆ ತಲುಪಿದೆ, ಫ್ರೀಜರಲ್ಲಿ ಭದ್ರವಾಗಿದೆ. ಇನ್ಮೇಲೆ ಈ ಬಿಯರನ್ನ ನಮ್ಮ ದೊಡ್ಡ ಕಾರ್ಖಾನೆಗಳಲ್ಲಿ ಮಾಡ್ತೀವಿ. ಇಲ್ಲಿ ತೊಟ್ಟಿ ಮುಚ್ತೀವಿ. ಉಳಿದ ನೊರೆಗೆ ಕುದಿಯೋ ನೀರು ಹಾಕಿ ಚರಂಡಿಗೆ ಬಿಡಿ. ಒಂದು ಹನಿನೂ ಹೊರಗೆ ಹೋಗಬಾರದು, ಅದು ಕಂಪನಿ ಆಸ್ತಿ."

ನೊರೆಯಕ್ಕನಿಗೆ ತನ್ನ ಕೆಲಸ ಹೋಯಿತೆನ್ನುವುದು ಆಮೇಲೆ ಹೊಳೆಯಿತು. ಮೊದಲು ಅವಳು ಕೇಳಿದ್ದು ಬೇರೆಯದನ್ನೇ. "ಅದನ್ನ ಮಲಗಿಸಿಬಿಟ್ರಾ ಸಾರ್? ಹುಟ್ಟಿದಾಗಿನಿಂದ ನಿದ್ದೆ ಕಂಡಿದ್ದಲ್ಲ ಅದು."

"ಎಲ್ಲ ಕಡೆ ಹಾಗೇ ಮಾಡೋದು. ನೀವು ತಲೆ ಕೆಡಿಸ್ಕೋಬೇಡಿ."

"ಹಿಂದೊಮ್ಮೆ ಇಲ್ಲಿ ಬೆಂಕಿ ಬಿದ್ದು ತೊಟ್ಟಿಗಳೆಲ್ಲ ಸುಟ್ಟಾಗ ಈ ಓಣಿಯವರೇ ನೊರೆ ವಾಪಸ್ ತಂದು ಕೊಟ್ಟಿದ್ದು. ಅವರದ್ದೂ ಹೌದು ಇದು."

"ಚೆನ್ನಾಗಿದೆ ಕತೆ" ಎಂದರು ನಕ್ಷೆ ಸಾಹೇಬರು. "ಬಾಟಲಿ ಮೇಲೆ ಹಾಕಿಸೋಣ."

ಅವಳ ಮೈ ಉರಿದುಹೋಯಿತು. ಕುದಿಯುವ ನೀರಿನ ಕೊಳವೆಯನ್ನು ಗೂಟಕ್ಕೆ ಸಿಕ್ಕಿಸಿ, ನೆಟ್ಟಗೆ ಹೋಗಿ ಕಿಂಡಿಯ ಬಾಗಿಲು ತೆಗೆದಳು. ಹೊರಗೆ ಸಾಲು ಕಾದಿತ್ತು. "ಇವತ್ತು ಬಕೆಟ್ ತುಂಬ ಒಯ್ಯಿರಿ. ಮನೇಲಿರೋ ಕೊಡ, ಚೊಂಬು ಎಲ್ಲ ತನ್ನಿ" ಎಂದಳು. ಸೌಟು ಬಿಡುವಿಲ್ಲದೆ ಏರಿಳಿಯಿತು. ಒಬ್ಬೊಬ್ಬರೂ "ಕೇಳಿದವರಿಗೆ ಕೊಡ್ತೀನಿ" ಎನ್ನುತ್ತ ಒಯ್ದರು. ಸಾಹೇಬರು ಬೇಡ ಅಂದರು, ಗದರಿದರು, ಕಾವಲಿನವನನ್ನು ಕರೆದರು. ಕಾವಲಿನವನು ಬಂದವನೇ ತನ್ನ ಟಿಫಿನ್ ಡಬ್ಬಿ ಖಾಲಿ ಮಾಡಿ ಸಾಲಿನ ಕೊನೆಯಲ್ಲಿ ನಿಂತ.

ಆ ಸಂಜೆಯೇ ಅವಳನ್ನು ಕೆಲಸದಿಂದ ತೆಗೆದರು. ತೊಟ್ಟಿಗಳಿಗೆ ಸುಡುನೀರು ಬಿತ್ತು, ಕಿಂಡಿಗೆ ಇಟ್ಟಿಗೆ ಬಿತ್ತು. ಓಣಿಯಲ್ಲಿ ನಿಂತು ನೋಡಿದ ನೊರೆಯಕ್ಕ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅಳಲು ಬಿಟ್ಟಳು, ಸ್ವಲ್ಪ ಹೊತ್ತು. ಆಮೇಲೆ, "ಆಯ್ತಲ್ಲ, ಮುಖ ತೊಳ್ಕೋ. ಒಳಗೆ ನಿನ್ನ ಗಂಡ ತಂದಿಟ್ಟ ನೊರೆ ಉಕ್ಕಿ ನನ್ನ ಒಲೆ ಕಟ್ಟೆ ಹಾಳಾಗ್ತಿದೆ" ಎಂದಳು.

ಅಂದಿನಿಂದ ಬೇಕರಿಯ ಹಿಂಬದಿಯೇ ನೆಲಮಾಳಿಗೆಯಾಯಿತು. ಹಂಡೆಯ ಬಿಸಿನೀರಲ್ಲಿ ಮೊಳಕೆ ಬಾರ್ಲಿ ನೆನೆಸುವುದು, ರಸ ಸೋಸಿ ಕುದಿಸಿ ಆರಿಸುವುದು, ಹಳೆಯ ನೊರೆಯನ್ನು ಹೊಸ ರಸಕ್ಕೆ ದಾಟಿಸುವುದು. ಗಂಡ ಹಿಟ್ಟು ನಾದುತ್ತ, "ನನಗಿಂತ ಅದಕ್ಕೇ ಉಪಚಾರ ಜಾಸ್ತಿ" ಎಂದು ಗೊಣಗುತ್ತಿದ್ದ. ಸಾಲು ಈಗ ಅವರ ಹಿಂಬಾಗಿಲಿಗೆ ಬಂದಿತ್ತು.

ಅತ್ತ ಕಂಪನಿಯ ಬಾಟಲಿ ದೇಶದೇಶಗಳ ಅಂಗಡಿ ಸೇರಿತು. ಲೇಬಲ್ಲಿನ ಮೇಲೆ ಹಳೇ ಕಾರ್ಖಾನೆಯ ಚಿತ್ರ. ಇಟ್ಟಿಗೆ ಮುಚ್ಚಿದ ಕಿಂಡಿಯನ್ನೂ ತೆರೆದೇ ಬರೆದಿದ್ದರು, ನಾಚಿಕೆಗೆಟ್ಟವರು. ಆದರೆ ಒಳಗಿದ್ದದ್ದು ಸಪ್ಪೆ. ಫ್ರೀಜರಿನಿಂದ ಎದ್ದ ಯೀಸ್ಟು ಜಪ್ಪಯ್ಯ ಅಂದರೂ ಮೊದಲಿನಂತೆ ಕೆಲಸ ಮಾಡಲಿಲ್ಲ. ಕುಡಿಯುವವರು ಒಂದು ಗುಟುಕಿಗೇ ಮುಖ ಹುಳ್ಳಗೆ ಮಾಡಿ ಲೋಟ ಸರಿಸಿದರು. ಫ್ರೀಜರಿನಲ್ಲಿದ್ದ ಅಷ್ಟೂ ಸ್ಯಾಂಪಲ್ಲು ಹಾಗೇ ಕೆಟ್ಟಿತ್ತು. ತಿರುಗಿ ತೆಗೆಯೋಣವೆಂದರೆ ಮೂಲವನ್ನು ಅವರೇ ಬೇಯಿಸಿ ಚರಂಡಿಗೆ ಬಿಟ್ಟಿದ್ದರು.

ವರ್ಷ ತಿರುಗುವುದರೊಳಗೆ ನಕ್ಷೆ ಸಾಹೇಬರು ಬೇಕರಿಗೆ ಬಂದರು. ಈ ಸಲ ಕೋಲಿರಲಿಲ್ಲ.

"ನಿಮ್ಮ ಹತ್ರ ನಮ್ಮ ಯೀಸ್ಟ್ ಇದೆ" ಎಂದರು.

"ನೊರೆ ಇದೆ" ಎಂದಳು ನೊರೆಯಕ್ಕ.

"ಕಂಪನಿ ಕೇಸ್ ಹಾಕಬಹುದು."

"ಹಾಕಿ ಸಾರ್. ಕೇಸ್ ಮುಗಿಯೋ ತನಕ ನಿಮ್ಮ ಬಿಯರ್ ಹೀಗೇ ಇರಲಿ."

ಸಾಹೇಬರು ದನಿ ಇಳಿಸಿದರು. ಹಳೆಯ ಕೆಲಸ ಕೊಡುತ್ತೇವೆ, ಅದಕ್ಕಿಂತ ದೊಡ್ಡದನ್ನೇ ಕೊಡುತ್ತೇವೆ, ಎಲ್ಲ ದೇಶದ ತೊಟ್ಟಿಗಳಿಗೂ ನೀವೇ ಯಜಮಾನಿ. ಒಂದೇ ಮಾತು, ಈ ಸಾಲು ನಿಲ್ಲಬೇಕು, ನೊರೆ ಕಂಪನಿಗೆ ಮಾತ್ರ ಸಿಗಬೇಕು.

ನೊರೆಯಕ್ಕನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳು. ಆ ತಣ್ಣನೆಯ ನೆಲಮಾಳಿಗೆ, ತೊಟ್ಟಿಯ ತುಂಬ ಉಕ್ಕುವ ಕೆನೆ ಒಂದು ಗಳಿಗೆ ಕಣ್ಣ ಮುಂದೆ ಬಂತು. ಗಂಡ ನಾದುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ.

"ಆಗಲ್ಲ" ಎಂದಳು. "ನೊರೆ ಬೇಕಾದ್ರೆ ಬಕೆಟ್ ತನ್ನಿ, ಸಾಲಲ್ಲಿ ನಿಲ್ಲಿ, ಎಲ್ಲರೂ ಹೇಳೋ ಮಾತು ಹೇಳಿ. ನಿಮಗೆ ಇಲ್ಲ ಅನ್ನಲ್ಲ. ಯಾರಿಗೂ ಅಂದಿಲ್ಲ."

"ಆ ಮಾತು ಹೇಳಬೇಕಾ? ನಮ್ಮ ವಕೀಲರು ಒಪ್ಪಲ್ಲ."

"ವಕೀಲರನ್ನೂ ಕರ್ಕೊಂಡು ಬನ್ನಿ. ಅವರ ಬಕೆಟ್ ಬೇರೆ."

ಸಾಹೇಬರು ದಡದಡನೆ ಹೊರಟುಹೋದರು. ನಾಲ್ಕಾರು ದಿನ ಪತ್ತೆಯಿರಲಿಲ್ಲ. ಆಮೇಲೊಂದು ಬೆಳಗ್ಗೆ ಸಾಲಿನಲ್ಲಿ, ಬಿಸ್ಕತ್ ಅಂಗಡಿಯವಳ ಮುಂದೆ, ಬೆಲೆಚೀಟಿಯೂ ಕಿತ್ತಿರದ ಹೊಸ ಬಕೆಟ್ ಹಿಡಿದು ನಿಂತಿದ್ದರು. ಸರದಿ ಬಂದಾಗ ಬಕೆಟ್ ಚಾಚಿ, ಬೂಟು ನೋಡುತ್ತ, ತುಟಿಯೊಳಗೇ ಏನೋ ಅಂದರು.

ಓಣಿಯಾಚೆಯ ಗುಸುಗುಸುವನ್ನೂ ಬಿಡದ ಅತ್ತೆ ಗಲ್ಲಾದಿಂದಲೇ ಕೂಗಿದಳು. "ಏನಂದ್ರಿ ಸಾಹೇಬ್ರೆ? ನಂಗೆ ಕಿವಿ ಸ್ವಲ್ಪ ಮಂದ."

"ಕೇಳಿದವರಿಗೆ ಕೊಡ್ತೀನಿ" ಎಂದರು ಸಾಹೇಬರು, ಸಾಲಿಗೆಲ್ಲ ಕೇಳುವಂತೆ.

ನೊರೆಯಕ್ಕ ಸೌಟು ಬಾಗಿಸಿದಳು. ಎಲ್ಲರಿಗೂ ಹಾಕುವಷ್ಟೇ ಹಾಕಿದಳು, ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ. ಸಾಹೇಬರು ಬಕೆಟ್ ಎದೆಗವುಚಿಕೊಂಡು ತಿರುಗಿದರು. ಬಿಸ್ಕತ್ ಅಂಗಡಿಯವಳು ದಾರಿ ಬಿಡಲಿಲ್ಲ. ತನ್ನ ಖಾಲಿ ಬಕೆಟ್ಟನ್ನು ನೊರೆಯಕ್ಕನ ಕಡೆಗಲ್ಲ, ಅವರ ಕಡೆಗೆ ಚಾಚಿದಳು.

"ಸಾಹೇಬ್ರೆ, ನಾನು ಕೇಳ್ತಿದ್ದೀನಿ" ಎಂದಳು.

ನಕ್ಷೆ ಸಾಹೇಬರು ಒಮ್ಮೆ ಅವಳನ್ನು, ಒಮ್ಮೆ ನೊರೆಯಕ್ಕನ ಕೈಯಲ್ಲಿದ್ದ ಸೌಟನ್ನು ನೋಡಿದರು. ಆಮೇಲೆ ತಮ್ಮ ಬಕೆಟ್ಟನ್ನು ಬಗ್ಗಿಸಿದರು.