ಪಕ್ಕದ ಹೊಲಿಗೆ

"ಮೆಲ್ಲಗೆ ರೀ, ಬಾಗಿಲ ಚೌಕಟ್ಟು ಕಿತ್ತು ಕೈಗೆ ಬಂದೀತು!"

ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ ಕೂಗಿದಳು. ಪೇಂಟರ್ ಎಡಗೈಯಲ್ಲಿ ಚೌಕಟ್ಟು ಹಿಡಿದು, ಬಲಗೈ ಚಾಚಿ, ಮೈಯನ್ನೆಲ್ಲ ಬಲಕ್ಕೆ ವಾಲಿಸಿದ್ದ. ಹಲ್ಲು ಕಚ್ಚಿ ಇನ್ನಷ್ಟು ವಾಲಿದ. ನೋಯುವ ಪಕ್ಕೆಯನ್ನು ದಿನಾ ಹಿಗ್ಗಿಸಿ ಎಂದಿದ್ದರು ಡಾಕ್ಟರು. ನೋಯುವುದು ಬಲಪಕ್ಕೆ, ಹಾಗಾಗಿ ಬಲಕ್ಕೆ ವಾಲುವುದು. ಇದರಲ್ಲಿ ಇನ್ನೊಬ್ಬರನ್ನು ಕೇಳುವುದೇನಿದೆ?

ವಾಲುವುದನ್ನಂತೂ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಾವಣಿ ಮತ್ತು ಗೋಡೆ ಸೇರುವ ಕಡೆ ಬರಿಗೈಯಲ್ಲಿ ನೇರ ಗೆರೆ ಎಳೆಯುವುದರಲ್ಲಿ ಅವನದು ಎತ್ತಿದ ಕೈ. ಟೇಪು ಅಂಟಿಸಿಕೊಂಡು ಬಳಿಯುವವರನ್ನು ಕಂಡರೆ ನಗು. ಏಣಿಯಿಂದ ಇಳಿದು ಅದನ್ನು ಸರಿಸುವುದು ಮಾತ್ರ ಅವಮಾನ. ಒಂದು ಕಾಲನ್ನು ಗಾಳಿಗೆ ಬಿಟ್ಟು ಅರ್ಧ ಗೋಡೆಯನ್ನು ಒಂದೇ ನಿಲುವಿನಲ್ಲಿ ಮುಗಿಸಬೇಕು. ಹಾಗೆ ಮುಗಿಸಲು ಹೋಗಿಯೇ ಪಕ್ಕೆ ಹಿಡಿದುಕೊಂಡದ್ದು. ಈಗ ಕೈ ಎತ್ತಿದರೆ ಕಿವಿಯ ಮಟ್ಟಕ್ಕೇ ನಿಂತುಬಿಡುತ್ತಿತ್ತು.

ಜೊತೆಯಲ್ಲಿ ಕೆಲಸ ಮಾಡುವ ಬಾಮೈದ ಬೆಳಿಗ್ಗೆಯಷ್ಟೇ ಬಂದು ಹೋಗಿದ್ದ. "ಭಾವ, ಬರೋ ತಿಂಗಳಿಗೆ ದೊಡ್ಡ ಹಾಲ್ ಒಂದು ಸಿಕ್ಕಿದೆ. ಗೆರೆ ನಾನು ನೋಡ್ಕೋತೀನಿ. ನೀವಿನ್ನು ಕೆಳಗೆ ಕೂತು ಬಣ್ಣ ಕಲಸಿಕೊಟ್ರೆ ಸಾಕು." ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅದಕ್ಕೇ ಇನ್ನೂ ಉರಿಯಿತು.

ಯಂತ್ರದ ಸದ್ದು ನಿಂತಿತು. ದಪ್ಪಗಾದವರ ಬಟ್ಟೆಗಳನ್ನು ಸಡಿಲಿಸಿಕೊಡುವುದೇ ಹೆಂಡತಿಯ ಕಸುಬು. ಅವಳ ಕಣ್ಣು ಗಂಡನ ಅಂಗಿಯ ಮೇಲಿತ್ತು.

"ರೀ, ನಿಮ್ಮ ಅಂಗಿ ನೋಡ್ಕೊಳ್ಳಿ. ಬಲಗಡೆ ಮುದುಡ್ಕೊಂಡಿದೆ. ಎಡಗಡೆ ಹೊಲಿಗೆ ಬಿಟ್ಕೊಳ್ಳೋ ಹಾಗಿದೆ. ಹಿಗ್ತಾ ಇರೋದು ಯಾವ ಕಡೆ?"

ಅವನು ಕತ್ತು ಬಗ್ಗಿಸಿ ನೋಡಿದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

"ಇಷ್ಟು ದಿನ ಚೆನ್ನಾಗಿರೋ ಪಕ್ಕೆಗೆ ಸೇವೆ ಮಾಡಿದ್ರಾ?" ಅವಳಿಗೆ ನಗು ತಡೆಯಲಾಗಲಿಲ್ಲ.

"ಮೊದಲೇ ಹೇಳೋಕೇನಾಗಿತ್ತೇ ನಿನಗೆ?"

"‘ನಂಗೊತ್ತು, ಸುಮ್ನಿರು’ ಅಂದೋರು ಯಾರು?"

ಅವನು ಎಡಗೈ ಸೊಂಟಕ್ಕೆ ಕೊಟ್ಟು, ಬಲಗೈಯನ್ನು ಆದಷ್ಟು ಮೇಲೆತ್ತಿ ಎಡಕ್ಕೆ ಬಾಗಿದ. ಕಂಕುಳಿನಿಂದ ಸೊಂಟದವರೆಗೆ ಏನೋ ಜಗ್ಗಿ, ಕಣ್ಣಲ್ಲಿ ನೀರು ಬಂತು. ಆದರೆ ಇದು ಬೇರೆ ನೋವು, ಹೇಳಿದಂತೆ ಕೇಳಿ ಸಡಿಲವಾಗುವ ನೋವು. ಬಣ್ಣ ಕಲಸಲು ಕೂರುವವನು ತಾನಲ್ಲ ಎಂದು ಅವನಿಗೆ ಅಲ್ಲೇ ಖಾತ್ರಿಯಾಯಿತು.

ಅಂದಿನಿಂದ ಬೆಳಿಗ್ಗೆ ಸಂಜೆ ಅದೇ ಕೆಲಸ. ಹಾಲು ಉಕ್ಕುವುದನ್ನು ಕಾಯುವಾಗಲೂ ಒಲೆಯ ಮುಂದೆ ಬಾಗಿ ನಿಂತಿರುತ್ತಿದ್ದ.

ಹಾಲ್‌ನ ಕೆಲಸ ಶುರುವಾದ ದಿನ ಯಾರನ್ನೂ ಕೇಳದೆ ಬ್ರಶ್ಶು ಹಿಡಿದು ಏಣಿ ಹತ್ತಿದ. ಬಾಮೈದ ಕೆಳಗೆ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತ. ಕೈ ಮೇಲೆ ಹೋಯಿತು, ಕಿವಿ ದಾಟಿತು, ಚಾವಣಿ ಮುಟ್ಟಿತು. ಗೆರೆ ನಡುಗಲಿಲ್ಲ. ಕೈಗೆಟುಕುವಷ್ಟು ಮುಗಿದದ್ದೇ ಇಳಿದು ಬಂದು, ಏಣಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ಏನ್ ಭಾವ, ಏಣಿ ಸರಿಸೋದು ಯಾವಾಗ ಕಲಿತ್ರಿ?"

"ಕೈ ಎತ್ತೋಕಾಗ್ಲಿ ಅಂತ ನಿಮ್ಮಕ್ಕ ಕೂತು ಬಿಚ್ಚಿ, ಸಡಿಲಿಸಿ ಹೊಲಿದ ಅಂಗಿ ಕಣೋ. ವಾಲಿ ಹರ್ಕೊಂಡ್ರೆ ಮನೆಗೆ ಸೇರಿಸ್ತಾಳಾ?"

ಮತ್ತೆ ಹತ್ತಿ ಕೈಯೆತ್ತಿದ. ಅಂಗಿ ಎಲ್ಲೂ ಹಿಡಿಯಲಿಲ್ಲ. ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಅವನ ಬಲಪಕ್ಕದಲ್ಲಿ ಕಂಕುಳಿನಿಂದ ಸೊಂಟದವರೆಗೆ ನೆಟ್ಟಗೆ ಇಳಿದಿದ್ದವು. ಅವುಗಳ ಪಕ್ಕದಲ್ಲೇ, ಇಷ್ಟು ವರ್ಷ ಒಳಗೆ ಮಡಚಿಕೊಂಡಿದ್ದ ಬಟ್ಟೆಯ ಪಟ್ಟಿ, ಹೊಸದರ ಹಾಗೆ ನೀಲಿಯಾಗಿತ್ತು.