ನೀರುಗಂಟಿಯ ಉಚ್ಚೆ ಕಟ್ಟಿದ್ದು

“ಇನ್ನೊಂದು ಬಿಗೀಲಾ ಆ ಬೋಳಿಮಗನ್ ತೊಡೆಗೆ. ನನ್ ಗದ್ದೆಗೆ ನೀರು ನಿಲ್ಸೋವಷ್ಟು ಕೊಬ್ಬು ಬಂತೇನ್ಲಾ?”

ಪಟೇಲ ವೆಂಕಟರಮಣಪ್ಪ ನೆರಳಲ್ಲಿ ಕೂತು ಹೇಳುತ್ತಿದ್ದ, ಆಳುಗಳು ಹುಣಸೆ ಬರಲಲ್ಲಿ ಬಾರಿಸುತ್ತಿದ್ದರು. ಕಣದ ಮೇಟಿಕಂಬಕ್ಕೆ ಕಟ್ಟಿಸಿಕೊಂಡಿದ್ದವನು ಕೆರೆಯ ನೀರುಗಂಟಿ ಪಾಪಯ್ಯ. ಸರದಿ ಬಂತೆಂದು ತನ್ನ ಕೇರಿಯವರ ಗದ್ದೆಗೆ ನೀರು ತಿರುಗಿಸಿದ್ದೇ ಅವನ ತಪ್ಪು. ಅಡ್ಡ ಬಂದ ಹೆಂಡತಿ ಕದಿರಮ್ಮನನ್ನು ತುರುಬು ಹಿಡಿದೆಳೆದು ಬೇಲಿಗೆ ನೂಕಿದರು. ಊರಿಗೆಲ್ಲ ನೀರು ಹಂಚುವವನನ್ನು ಹೊತ್ತು ಮುಳುಗುವವರೆಗೆ ಒಂದು ಗುಟುಕು ನೀರಿಲ್ಲದೆ ಬಿಸಿಲಲ್ಲಿ ಬಿಟ್ಟರು.

ಕೇರಿಯವರು ಮನೆಗೆ ಹೊತ್ತು ತಂದಾಗ ಅವನ ತೊಡೆ, ಕುಂಡಿ ಊದಿ ಕಲ್ಲಾಗಿದ್ದವು. ಕದಿರಮ್ಮ ಹರಳೆಣ್ಣೆ ಸವರಿ ಶಾಖ ಕೊಟ್ಟಳು. ಅವನು ನೀರು, ನೀರು ಎಂದು ಗೋಗರೆದರೂ ಕೊಡಲಿಲ್ಲ. ಪೆಟ್ಟು ತಿಂದ ಮೈಗೆ ನೀರು ಕುಡಿಸಿದರೆ ನಂಜೇರುತ್ತದೆ ಎನ್ನುವುದು ಕೇರಿಯವರೆಲ್ಲ ನಂಬಿದ ಮಾತು. ಅವಳೂ ಬರೀ ತುಟಿ ಒದ್ದೆ ಮಾಡಿದಳು. ಬೆಳಿಗ್ಗೆ ಅವನು ಹೊಯ್ದ ಉಚ್ಚೆ ಹುರುಳಿಕಟ್ಟಿನ ಬಣ್ಣಕ್ಕಿತ್ತು. ಆಮೇಲೆ ಅದೂ ನಿಂತಿತು. ಮುಖ ಊದಿತು, ಬಾಯಿಗಿಟ್ಟಿದ್ದೆಲ್ಲ ವಾಂತಿಯಾಯಿತು, ಮಾತು ತೊದಲಿತು.

ಗಾಡಿ ಕಟ್ಟಿಸಿಕೊಂಡು ಪೇಟೆಯ ಆಸ್ಪತ್ರೆಗೆ ಒಯ್ದರೆ, ಪಟೇಲ ಆಗಲೇ ಡಾಕ್ಟರ ಎದುರಿನ ಕುರ್ಚಿಯಲ್ಲಿದ್ದ. ಸಾರಾಯಿ ಕುಡಿದು ಕಿಡ್ನಿ ಹಾಳು ಮಾಡಿಕೊಂಡವನು, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದ. ಡಾಕ್ಟರು ಪಾಪಯ್ಯನ ಪಂಚೆ ಸರಿಸಿ ನೋಡಿದರು. ಪಟೇಲ ಹೋದ ಮೇಲೆ ಕದಿರಮ್ಮನನ್ನು ಮೂಲೆಗೆ ಕರೆದು ದನಿ ತಗ್ಗಿಸಿ ತಿಳಿಸಿದರು: ಏಟಿಗೆ ಮಾಂಸ ಜಜ್ಜಿಹೋಗಿ ಅದರ ಕೊಳೆ ರಕ್ತಕ್ಕಿಳಿದಿದೆ, ಅದೇ ಕಿಡ್ನಿಯನ್ನು ಕಟ್ಟಿಬಿಟ್ಟಿದೆ, ನೀರಿಲ್ಲದ್ದಕ್ಕೆ ಇನ್ನಷ್ಟು ಕೆಟ್ಟಿದೆ, ಮೊದಲ ದಿನವೇ ಚೆನ್ನಾಗಿ ನೀರು ಕುಡಿಸಿದ್ದರೆ ಉಳಿಯುತ್ತಿದ್ದನೋ ಏನೋ. ಕದಿರಮ್ಮನಿಗೆ ತನ್ನ ಕೈಯನ್ನೇ ಕಚ್ಚಿ ಹರಿಯಬೇಕೆನಿಸಿತು. ಬೆಂಗಳೂರಿಗೆ ಸಾಗಿಸುವ ಮೊದಲೇ ಪಾಪಯ್ಯ ಸತ್ತ.

ಕುಡಿದು ಸತ್ತ ಎನ್ನುವ ಮಾತು ಹೆಣಕ್ಕಿಂತ ಮುಂಚೆ ಊರು ಸೇರಿತ್ತು. ನೀರುಗಂಟಿ ಸತ್ತರೆ ಪಟೇಲನ ಮನೆಯಿಂದ ಹೊಸ ಬಟ್ಟೆ ಬರುವುದು ಪದ್ಧತಿ. ಬಂತು. ಹೊಡೆಸಿದವನೇ ಹೊದಿಸಲು ಕೊಟ್ಟ ಬಟ್ಟೆಯನ್ನು ಕದಿರಮ್ಮ ಚರಂಡಿಗೆ ಎಸೆದಳು. ಚಟ್ಟದ ಮೇಲೆ ಗಂಡನನ್ನು ಬೋರಲು ಮಲಗಿಸಿ, ಪಂಚೆ ಸರಿಸಿ, ಕರಿನೀಲಿಗಟ್ಟಿದ ತೊಡೆ ಕುಂಡಿಗಳನ್ನು ಬಯಲು ಮಾಡಿದಳು. ಪಟೇಲನ ಬೀದಿಯಲ್ಲೇ ಒಯ್ಯಬೇಕು ಎಂದಳು.

ಮೈದುನ ಸಂಜೀವಪ್ಪ ಪಂಚೆ ಎಳೆದು ಮುಚ್ಚಲು ಬಂದ. “ಹೆಣಾನ ಹಿಂಗ್ ಬೋರಲು ಹಾಕ್ತಾರಾ ಅತ್ಗೆ? ಪಟೇಲನ್ ಬೀದೀಲಿ ನಮ್ ಹೆಣ ಹೋಗಂಗಿಲ್ಲ. ಸಾಯಿಸ್ಬಿಡ್ತಾರೆ.”

“ಸಾಯಿಸ್ಲಿ. ಉಚ್ಚೆ ಯಾತರಿಂದ ಕಟ್ತು ಅಂತ ಆ ಮುಂಡೇಮಕ್ಳು ಕಣ್ಣಾರ ನೋಡ್ಲಿ. ಎತ್ತಪ್ಪಾ.”

ಹೆಂಗಸರು ಚಟ್ಟ ಮುಟ್ಟುವಂತಿರಲಿಲ್ಲ. ಅವಳೇ ಮುಂದಿನ ಕೊನೆಗೆ ಹೆಗಲು ಕೊಟ್ಟಳು. ಸಂಜೀವಪ್ಪ ಅಳುತ್ತಲೇ ಇನ್ನೊಂದು ಕೊನೆ ಹಿಡಿದ, ಹಿಂದಿನಿಂದ ಇಬ್ಬರು ಬಂದರು. ಚಟ್ಟ ಪಟೇಲನ ಬೀದಿಗೆ ತಿರುಗಿತು. ಮೊದಲ ಕಲ್ಲು ಅವಳ ಹಣೆಗೇ ಬಿತ್ತು. ರಕ್ತ ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವಳು ನಡೆದಳು.