ಕೆಂಪು ಸ್ವೆಟರಿನ ಎಳೆಗಳು

ಸಮುದ್ರದ ಅಷ್ಟೂ ಮೀನುಗಳ ಹೊಟ್ಟೆಗೆ ಪ್ಲಾಸ್ಟಿಕ್ ತುಂಬಿಸಿದವನು ನಾನೊಬ್ಬನೇ. ಅದೂ ಒಂದೇ ಒಂದು ಸ್ವೆಟರಿನಿಂದ!

ಪ್ರಯೋಗಾಲಯದಲ್ಲಿ ಮೀನಿನ ಹೊಟ್ಟೆ ಸೀಳಿಕೊಡುವುದು ನನ್ನ ಕೆಲಸ. ನನ್ನ ಕತ್ತರಿ ಕಂಡರೆ ಸಾಕು, ಮೀನುಗಳು ತಾವಾಗಿಯೇ ಮಗ್ಗುಲಾಗುತ್ತವೆ. ಒಳಗಿದ್ದುದನ್ನು ಸಂಶೋಧನೆ ನಡೆಸುವ ಮೇಡಂ ಸೂಕ್ಷ್ಮದರ್ಶಕದ ಕೆಳಗಿಟ್ಟು ಪ್ಲಾಸ್ಟಿಕ್ಕಿನ ಚೂರು, ಎಳೆ ಎಣಿಸುತ್ತಾರೆ. ಮೀನು ಬರುವುದು ಮಾರುಕಟ್ಟೆಯಲ್ಲಿ ಕೂರುವ ನನ್ನ ಅಕ್ಕನ ಬುಟ್ಟಿಯಿಂದ.

ಆ ಕೋಣೆಯೊಳಗೆ ಹತ್ತಿ ಬಟ್ಟೆ ಮಾತ್ರ ತೊಡಬೇಕು. ಮೇಜಿನ ಮೇಲೆ ಬರಿ ನೀರಿನ ಗಾಜಿನ ತಟ್ಟೆಯೊಂದು ಇರುತ್ತದೆ, ಗಾಳಿಯಿಂದ ಎಷ್ಟು ಎಳೆ ಬೀಳುತ್ತವೆಂದು ನೋಡಲು. ಆದರೆ ಅಲ್ಲಿನ ಚಳಿಗೆ ಹಿಮಕರಡಿಯೂ ಕಂಬಳಿ ಕೇಳೀತು. ನಾನು ಹತ್ತಿಯ ಕೋಟಿನೊಳಗೆ ಪ್ಲಾಸ್ಟಿಕ್ ನೂಲಿನ ಕೆಂಪು ಸ್ವೆಟರ್ ತೊಟ್ಟುಬಿಟ್ಟಿದ್ದೆ.

ನಲವತ್ತನೆಯ ಮೀನು ಮುಗಿದ ದಿನ ಮೇಡಂ ಆ ತಟ್ಟೆ ನೋಡಿದರು. ಕೆಂಪು ಎಳೆಗಳು! ಎದ್ದು ಬಂದು ಚಿಮುಟದಿಂದ ನನ್ನ ಕಾಲರಿನಡಿಯ ಒಂದು ಎಳೆ ಕಿತ್ತರು.

"ಏನಣ್ಣ ಇದು?"

ಮೀನಿನಲ್ಲಿ ಪ್ಲಾಸ್ಟಿಕ್ ಇದೆ ಎಂಬ ವರದಿ ಹೊರಬಿದ್ದರೆ ಅಕ್ಕನ ಬುಟ್ಟಿಯ ಮುಂದೆ ಯಾರು ನಿಂತಾರು? ತಟ್ಟನೆ ಉಪಾಯ ಹೊಳೆಯಿತು.

"ಸಿಕ್ಕಿದ್ದೆಲ್ಲ ನಂದೇ ಮೇಡಂ. ಮೀನು ಅಪ್ಪಟ ಚಿನ್ನ. ಹಾಗಂತ ಬರೆದುಬಿಡಿ."

"ಎಲ್ಲಾನೂ?"

"ಈ ಸ್ವೆಟರ್ ಅಂದ್ರೆ ಏನಂದ್ಕೊಂಡ್ರಿ? ಕೂತ್ರೂ ಉದುರುತ್ತೆ, ಕೆಮ್ಮಿದ್ರೂ ಉದುರುತ್ತೆ!"

"ಕೆಂಪು ನಿಮ್ದು, ಒಪ್ಕೊಂಡೆ. ಅದನ್ನ ಕಳೀತೀನಿ. ಈ ನೀಲಿ ಎಳೆಗಳು?"

"ಒಳಗೆ ನೀಲಿ ಬನಿಯನ್ ಇದೆ ಮೇಡಂ."

"ತೋರಿಸಿ ನೋಡೋಣ."

ನಾನು ಬನಿಯನ್ನೇ ಹಾಕಿರಲಿಲ್ಲ.

ಮೇಡಂ ನಕ್ಕರು. ಆಮೇಲೆ ನನ್ನ ಮುಖ ನೋಡಿ ಸ್ಟೂಲ್ ಎಳೆದು ಕೂರಿಸಿದರು. "ಯಾಕಣ್ಣ ಇಷ್ಟೊಂದು ಸುಳ್ಳು?"

"ಸಮುದ್ರಕ್ಕೆ ಹರಿದ ಬಲೆ ಎಸೆದಿದ್ದು ಅಕ್ಕ ಅಲ್ಲ. ಬಾಟ್ಲಿ ಎಸೆದಿದ್ದೂ ಅವಳಲ್ಲ. ಗಿರಾಕಿ ಕಳ್ಕೊಳ್ಳೋದು ಮಾತ್ರ ಅವಳು."

"ಅದನ್ನೂ ವರದೀಲಿ ಬರೀತೀನಿ. ಆದ್ರೆ ಮಾರದೆ ಉಳಿದ ಮೀನು ದಿನಾ ತಿನ್ನೋದು ಅವರ ಮನೆಯವರೇ ಅಲ್ವಾ? ಅವರಿಗೆ ಗೊತ್ತಾಗ್ಬೇಡ್ವಾ?"

ಕೆಂಪು ಬಿಟ್ಟು ಬೇರೆ ಯಾವುದೂ ನನ್ನದಲ್ಲ ಎಂದು ಒಪ್ಪಿಕೊಂಡೆ. ನಂಬಿ, ಇದು ಮೊದಲ ಸಲ.

ನಿಜ ಇಷ್ಟೇ. ಹದಿಮೂರು ಕೆಂಪು ಎಳೆ ನನ್ನವು. ಮಿಕ್ಕ ಇನ್ನೂರು ಚಿಲ್ಲರೆ ಎಳೆ, ಚೂರುಗಳನ್ನು ಮೀನುಗಳೇ ಹೊಟ್ಟೆಯಲ್ಲಿ ಹೊತ್ತು ತಂದವು. ಅವೂ ನನ್ನವೇ ಆಗಿರಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ, ಸ್ವೆಟರನ್ನಾದರೆ ಬಿಚ್ಚಿಡಬಹುದಿತ್ತು.